ಮುಟ್ಟುವ ಮೊದಲು ಕೇಳಬೇಕು

ಯಳಂದೂರಿನ ಆ ಮನೆಯಲ್ಲಿ ನನ್ನ ಅತ್ತೆಯ ಹೆಸರನ್ನು ಅವರ ಬಾಯಿಂದಲೇ ಹೇಳಿಸುತ್ತಿದ್ದೆ. ಬೆಳಗ್ಗೆ ಮಾತ್ರೆ ಕೊಡುವಾಗ ಒಮ್ಮೆ, ಮಧ್ಯಾಹ್ನ ಬಿ.ಪಿ. ನೋಡುವಾಗ ಒಮ್ಮೆ, ಸಂಜೆ ಬೆನ್ನು ಒರೆಸುವಾಗ ಇನ್ನೊಮ್ಮೆ. ಹೆಸರು ಗೊತ್ತಿಲ್ಲದೆ ಅಲ್ಲ. ನಮ್ಮ ಲಗ್ನಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಹೆಸರದು. ಸೊಸೆಯಾದವಳು ಅತ್ತೆಯ ಎದುರು ನಿಂತು "ನಿಮ್ಮ ಹೆಸರು ಹೇಳಿ" ಎಂದು ಕೇಳುವುದು ನಮ್ಮ ಕಡೆ ಕೆನ್ನೆಗೆ ಬಾರಿಸಿದಷ್ಟೇ ಅವಮಾನ. ಅದು ಗೊತ್ತಿದ್ದೇ ಕೇಳುತ್ತಿದ್ದೆ. ಕೇಳುವಾಗ ಖುಷಿಯಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಇದು ಎಲ್ಲಿಂದ ಶುರುವಾಯಿತು ಎಂದು ಹೇಳದಿದ್ದರೆ ನಾನು ರಾಕ್ಷಸಿಯಂತೆ ಕಾಣುತ್ತೇನೆ. ಕಂಡರೂ ನನಗೇನೂ ಚಿಂತೆಯಿಲ್ಲ. ಆದರೂ ಹೇಳುತ್ತೇನೆ.

ನಾನು ಹನೂರಿನ ಹತ್ತಿರದ ಶಾಗ್ಯದವಳು. ಅಪ್ಪನಿಗೆ ಒಂದಿಷ್ಟು ಹೊಲ, ಜೋಳ, ರಾಗಿ. ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಕೊಳ್ಳೇಗಾಲದ ಒಂದು ನರ್ಸಿಂಗ್ ಹೋಮಿಗೆ ಸೇರಿದೆ. ಬಸ್ಸಿನಲ್ಲಿ ಓಡಾಟ. ಕೆಲಸದ ಜೊತೆಗೇ ಇಂಗ್ಲಿಷ್ ಪರೀಕ್ಷೆ ಪಾಸು ಮಾಡಿದೆ, ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆಯನ್ನೂ ಮುಗಿಸಿದೆ. ಇಂಗ್ಲೆಂಡಿನ ಒಂದು ಆಸ್ಪತ್ರೆ ಕೆಲಸ ಕೊಡಲು ಒಪ್ಪಿತು. ಆ ಸುದ್ದಿ ನಾಲ್ಕೂರು ಸುತ್ತುವಷ್ಟರಲ್ಲಿ ಯಳಂದೂರಿನಿಂದ ಸಂಬಂಧ ಬಂತು. ಹುಡುಗನಿಗೆ ಗೊಬ್ಬರದ ಅಂಗಡಿ, ಸ್ವಂತ ಗದ್ದೆ, ನಮಗಿಂತ ಅನುಕೂಲಸ್ಥರು. ಅಂಥವರು ನಮ್ಮ ಜಗಲಿ ಹತ್ತಿ ಬಂದದ್ದು ನನ್ನ ಮುಖ ನೋಡಿ ಅಲ್ಲ ಎನ್ನುವುದು ನನಗೆ ಆಗಲೇ ಹೊಳೆಯಬೇಕಿತ್ತು. ಹುಡುಗ ನನ್ನ ಹತ್ತಿರ ಮಾತಾಡಿದ್ದೆಲ್ಲ ಒಂದೇ ವಿಷಯ. ಗಂಡನನ್ನು ಕರೆದುಕೊಂಡು ಹೋಗಲು ವೀಸಾ ಎಷ್ಟು ಬೇಗ ಸಿಗುತ್ತದೆ?

ಮದುವೆಯಾದ ವಾರದಲ್ಲೇ ಅತ್ತೆ ನನ್ನ ಡಿಗ್ರಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ನೇತುಹಾಕಿಸಿದರು. ಬಂದವರಿಗೆಲ್ಲ ಅದನ್ನು ತೋರಿಸಿ, "ನಮ್ ಸೊಸೆ ಲಂಡನ್ ನರ್ಸು" ಎನ್ನುತ್ತಿದ್ದರು. ನನ್ನ ಆಸ್ಪತ್ರೆ ಇದ್ದ ಊರು ಲಂಡನ್ನಿನಿಂದ ಬಹಳ ದೂರ ಎಂದು ತಿಳಿಸಿ ಹೇಳಿದೆ. ಕೇಳುವವರು ಯಾರು?

ಇನ್ನೊಂದು ವಿಷಯವನ್ನೂ ತಿಳಿಸಿ ಹೇಳಿದ್ದೆ, ಅದನ್ನಂತೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಡಿಗ್ರಿ ಬೇರೆ, ಲೈಸೆನ್ಸು ಬೇರೆ. ಇವಳು ಓದಿದ್ದಾಳೆ ಎಂದು ನನ್ನ ಕಾಲೇಜು ಹೇಳಿದರೆ ಅದು ಡಿಗ್ರಿ. ಇವಳು ನಮ್ಮ ಜನರ ಮೈ ಮುಟ್ಟಬಹುದು ಎಂದು ಆ ದೇಶ ಹೇಳಿದರೆ ಅದು ಲೈಸೆನ್ಸು. ಅದಕ್ಕೆ ಅಲ್ಲಿ ಹೋಗಿ ಕೈಯಲ್ಲಿ ಮಾಡಿ ತೋರಿಸುವ ಪರೀಕ್ಷೆ ಇದೆ. ಅದು ಪಾಸಾಗುವ ತನಕ ನಾನು ಅಲ್ಲಿ ನರ್ಸ್ ಅಲ್ಲ, ಸಹಾಯಕಿ. ಮೈ ತೊಳೆಸಬೇಕು, ಬಟ್ಟೆ ಬದಲಿಸಬೇಕು, ಊಟ ಮಾಡಿಸಬೇಕು. ಗಂಡನಿಗೆ ಅರ್ಥವಾಗಲೆಂದು, "ನಿಮಗೆ ಬೈಕ್ ಓಡಿಸಕ್ಕೆ ಬರುತ್ತೆ, ಆದ್ರೂ ಡಿ.ಎಲ್. ಇಲ್ಲ ಅಂತ ಮೈಸೂರಲ್ಲಿ ಪೊಲೀಸರು ಹಿಡಿಲಿಲ್ವಾ, ಹಂಗೇ ಇದು" ಎಂದಿದ್ದೆ. ಆತ ನಕ್ಕು, "ನಿಂಗ್ಯಾಕ್ ಹಿಡೀತಾರೆ, ನೀನು ಬಿ.ಎಸ್ಸಿ." ಎಂದ.

ಹಿಡಿದರು. ಹೇಗೆ ಹಿಡಿದರು ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಲೈಸೆನ್ಸು ಬಂದ ಮೇಲೆ ಗಂಡನನ್ನು ಕರೆಸಿಕೊಳ್ಳುವುದು ಎಂದು ಮೊದಲು ನಾನೊಬ್ಬಳೇ ಇಂಗ್ಲೆಂಡಿಗೆ ಹೋದೆ. ಪರೀಕ್ಷೆಯ ಕೋಣೆಯಲ್ಲಿ ಒಬ್ಬ ಮುದುಕ ಹಾಸಿಗೆಯಲ್ಲಿ ಮಲಗಿದ್ದ. ರೋಗಿಯಂತೆ ನಟಿಸಲು ಬಂದವನು. ನಾನು ಅವನಿಗೆ ಮಾತ್ರೆ ಕೊಡಬೇಕು. ಕೊಡುವ ಮೊದಲು ಅವನ ಪೂರ್ತಿ ಹೆಸರು, ಹುಟ್ಟಿದ ದಿನ ಅವನ ಬಾಯಿಂದಲೇ ಹೇಳಿಸಿ, ಮುಂಗೈಯ ಪಟ್ಟಿಗೆ ತಾಳೆ ನೋಡಬೇಕು. ಯಾವ ಔಷಧಿ ಆಗುವುದಿಲ್ಲ ಎಂದು ಕೇಳಬೇಕು. ಕೊಡಬಹುದೇ ಎಂದು ಒಪ್ಪಿಗೆ ಪಡೆಯಬೇಕು. ಇದನ್ನೆಲ್ಲ ನಾನು ಬಾಯಿಪಾಠ ಮಾಡಿದ್ದೆ. ಆದರೆ ನರೆತ ಆ ತಲೆಯನ್ನು ಕಂಡದ್ದೇ ತಡ, ಕೊಳ್ಳೇಗಾಲ ನನ್ನ ಬಾಯಿಗೆ ಬಂತು. ನಮ್ಮ ಕಡೆ ಹಿರಿಯರ ಹೆಸರನ್ನು ಮುಖಕ್ಕೆ ಮುಖ ಕೊಟ್ಟು ಯಾರು ಕೇಳುತ್ತಾರೆ? ಯಾವೂರು, ಯಾರ ಪೈಕಿ, ಜೊತೆಗೆ ಯಾರು ಬಂದಿದ್ದಾರೆ, ಇಷ್ಟೇ. ಊರು ಗೊತ್ತಾದರೆ ಮನೆ ಗೊತ್ತಾಯಿತು, ಮನೆ ಗೊತ್ತಾದರೆ ಎಲ್ಲವೂ ಗೊತ್ತಾಯಿತು. ನಾನು ಆ ಮುದುಕನನ್ನು ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ ಕೇಳಿದೆ, ನಿಮ್ಮದು ಯಾವ ಊರು, ನಿಮ್ಮ ಜೊತೆ ಯಾರು ಬಂದಿದ್ದಾರೆ. ಅವನು ಕಕ್ಕಾಬಿಕ್ಕಿಯಾಗಿ ಊರು ಹೇಳಿದ. ನಾನು ಮಾತ್ರೆ ಕೊಟ್ಟೆ. ಆ ಒಂದು ತಪ್ಪಿಗೇ ಫೇಲು.

ಮುಂದಿನ ಸಲ ಹೆಸರು ಕೇಳಿದೆ. ಆದರೆ ರೋಗಿಯನ್ನು ಮಗ್ಗುಲಾಗಿಸಿ ಬೆನ್ನು ನೋಡಬೇಕು ಎಂದಾಗ ನನ್ನ ಕಣ್ಣು ತಾನಾಗಿ ಬಾಗಿಲ ಕಡೆ ಹೋಯಿತು. ನಮ್ಮ ಆಸ್ಪತ್ರೆಗಳಲ್ಲಿ ನರ್ಸ್ ಇಂಜೆಕ್ಷನ್ ಕೊಡುತ್ತಾಳೆ, ಡ್ರಿಪ್ ಹಾಕುತ್ತಾಳೆ. ಮಗ್ಗುಲು ಬದಲಿಸುವುದು, ಬೆಡ್‌ಪ್ಯಾನ್ ಇಡುವುದು, ಗಂಜಿ ಕುಡಿಸುವುದು ರೋಗಿಯ ಕಡೆಯವರ ಕೆಲಸ. "ಕಡೆಯವ್ರು ಯಾರ್ರೀ, ಬನ್ರೀ" ಎಂದು ಕೂಗಿ ಕೂಗಿ ಬೆಳೆದವಳು ನಾನು. ಆ ಕೋಣೆಯಲ್ಲಿ ಕಡೆಯವರು ಯಾರೂ ಇರಲಿಲ್ಲ. ನಾನು ಕಾಯುತ್ತ ನಿಂತಿದ್ದೆ. ಪರೀಕ್ಷಕಿ ಬರೆದುಕೊಂಡಳು. ಅದಾದ ಮೇಲೆ ಧೈರ್ಯವೇ ಹೋಯಿತು, ಉಳಿದ ಒಂದು ಅವಕಾಶವನ್ನೂ ಕಳೆದುಕೊಂಡೆ. ಆಸ್ಪತ್ರೆಯವರು ಮರ್ಯಾದೆಯಿಂದಲೇ ಕಳಿಸಿಕೊಟ್ಟರು.

ಮರ್ಯಾದೆ ಹೋದದ್ದು ಯಳಂದೂರಿನಲ್ಲಿ. ಬಂದ ದಿನ ಅಡುಗೆಮನೆಗೆ ಹೋಗಿ ಮುದ್ದೆ ಕಟ್ಟಲು ಕೈ ಒದ್ದೆ ಮಾಡಿಕೊಂಡೆ. ಅತ್ತೆ ಹಿಂದಿನಿಂದ ಬಂದು ಮುದ್ದೆ ಪಾತ್ರೆಯನ್ನು ಎಳೆದುಕೊಂಡರು.

"ಆ ಕೈಲಿ ಕಟ್ಬ್ಯಾಡ ಕಣಮ್ಮಿ. ಬಿಳೇರ ಕಕ್ಕ ಬಳ್ದಿರೋ ಕೈ. ನಂಗೆ ತಿನ್ನಕ್ಕಾಗಾಕಿಲ್ಲ."

ಅಂದಿನಿಂದ ನನಗೆ ಬೇರೆ ಚೊಂಬು, ಬೇರೆ ತಟ್ಟೆ. ಗೋಡೆಯ ಮೇಲಿನ ಡಿಗ್ರಿ ಇಳಿದು ಅಟ್ಟ ಸೇರಿತು. ನನ್ನ ಅಪ್ಪ ಶಾಗ್ಯದಿಂದ ಒಂದು ಚೀಲ ಅವರೆಕಾಯಿ ಹೊತ್ತು ನನ್ನನ್ನು ನೋಡಲು ಬಂದ ದಿನ ಗಂಡ ಜಗಲಿಯಲ್ಲೇ ಅವರನ್ನು ನಿಲ್ಲಿಸಿಕೊಂಡು ಕೇಳಿದ. "ಏನ್ ಮಾವ, ನಿಮ್ ಮಗಳು ಡಿಗ್ರೀನ ಕಾಪಿ ಹೊಡ್ದು ಪಾಸ್ ಮಾಡಿದ್ಲಾ? ಇಡೀ ಊರ್ಗೆ ಲಂಡನ್‌ಗೆ ಓಯ್ತೀನಿ ಅಂತ ಯೋಳ್ಬಿಟ್ಟಿದೀನಿ, ಈಗ ಮಕ ಎಲ್ಲಿಕ್ಕಳ್ಳಿ?" ಅಪ್ಪ ಚೀಲವನ್ನು ಕೆಳಗಿಟ್ಟು, ಕೊಟ್ಟ ಕಾಫಿಯನ್ನು ಮುಟ್ಟದೆ, ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಇವರಿಬ್ಬರಿಗೂ ಇದನ್ನು ತೀರಿಸದೆ ಬಿಡುವುದಿಲ್ಲ ಎಂದು ಅವತ್ತೇ ನಿರ್ಧರಿಸಿದೆ. ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ.

ದಾರಿ ತಾನಾಗಿ ತೆರೆಯಿತು. ಅತ್ತೆ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದವರು ಹಾಗೇ ಕುಸಿದರು. ಸ್ಟ್ರೋಕ್. ಕೊಳ್ಳೇಗಾಲಕ್ಕೆ, ಅಲ್ಲಿಂದ ಮೈಸೂರಿಗೆ ಒಯ್ದೆವು. ಜೀವ ಉಳಿಯಿತು, ಎಡಭಾಗ ಬಿದ್ದುಹೋಯಿತು. ಮಾತು ತೊದಲಿದರೂ ಬುದ್ಧಿ ಮೊದಲಿನಷ್ಟೇ ಚುರುಕಾಗಿತ್ತು. ಹನೂರಿಗೆ ಕೊಟ್ಟಿದ್ದ ಮಗಳು ಬಂದು ಅತ್ತು, ಮಕ್ಕಳ ಶಾಲೆ ಎಂದು ಹೊರಟುಹೋದಳು. ಇಟ್ಟುಕೊಂಡ ಆಯಾ ಅತ್ತೆಯ ಬೈಗುಳಕ್ಕೆ ಹೆದರಿ ಬಿಟ್ಟುಹೋದಳು. ಆಮೇಲೆ ಎಲ್ಲರ ಕಣ್ಣು ನನ್ನ ಮೇಲೆ. ಗಂಡ ಗಂಟಲು ಸರಿಮಾಡಿಕೊಂಡು, "ನೀನು ಎಂಗೂ ಕಲ್ತಿದೀಯಲ್ಲ" ಎಂದ.

ನಾನು ತಕ್ಷಣ ಒಪ್ಪಿದೆ. ಸೊಸೆ ದಾರಿಗೆ ಬಂದಳು ಎಂದುಕೊಂಡರು. ಅವರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಅದೇ ದೇಶದ ಇನ್ನೊಂದು ಆಸ್ಪತ್ರೆ ನನ್ನನ್ನು ತೆಗೆದುಕೊಳ್ಳಲು ಒಪ್ಪಿತ್ತು. ಹೊಸದಾಗಿ ಅರ್ಜಿ ಹಾಕಿ ಮತ್ತೆ ಪರೀಕ್ಷೆಗೆ ಕೂರಬಹುದಿತ್ತು, ಆದರೆ ಈ ಸಲ ತಪ್ಪಿದರೆ ಇನ್ನು ಯಾರೂ ಕರೆಯುವುದಿಲ್ಲ. ಪರೀಕ್ಷೆಗೆ ತಿಂಗಳುಗಳಿದ್ದವು. ಬಾಯಿಪಾಠದಿಂದ ಪ್ರಯೋಜನವಿಲ್ಲ ಎಂದು ಕಂಡಾಗಿತ್ತು, ಕೈಗೆ ಬರಬೇಕಿತ್ತು. ನನಗೆ ಹಾಸಿಗೆಯಲ್ಲಿ ಮಲಗಿದ ಒಂದು ನಿಜವಾದ ಮೈ ಬೇಕಿತ್ತು. ಅದೂ ಹೆಸರು ಕೇಳಲು ನಾಲಗೆ ಏಳದಂಥ ಹಿರಿಯ ಮೈ.

ಮೊದಲ ದಿನ ಕೈ ತೊಳೆದುಕೊಂಡು ಮಂಚದ ಪಕ್ಕ ನಿಂತೆ.

"ನಮಸ್ಕಾರ. ನಾನು ನಿಮ್ಮನ್ನ ನೋಡ್ಕೊಳ್ಳೋ ನರ್ಸು. ನಿಮ್ಮ ಪೂರ್ತಿ ಹೆಸರು ಹೇಳ್ತೀರಾ?"

ಅತ್ತೆ ನನ್ನನ್ನು ನುಂಗುವಂತೆ ನೋಡಿದರು. "ತಲೆ ಕೆಟ್ಟದಾ ನಿಂಗೆ?"

"ಹೆಸರು ಹೇಳದಿದ್ರೆ ಮಾತ್ರೆ ಕೊಡೋ ಹಾಗಿಲ್ಲ, ಅತ್ತೆಮ್ಮ."

"ನನ್ ಎಸ್ರು ಕೇಳಕ್ಕೆ ನೀನ್ಯಾವಳು? ಲೋ, ಬಾಲ್ಲ ಇಲ್ಲಿ, ನೋಡ್ಲಾ ಇವ್ಳ ಆಟವ!"

ಗಂಡ ಬಂದ. ನಿಯಮ ಎಂದೆ. ತಪ್ಪು ರೋಗಿಗೆ ತಪ್ಪು ಮಾತ್ರೆ ಹೋದರೆ ಏನಾಗುತ್ತದೆ ಎಂದು ವಿವರಿಸಿದೆ. ಮನೆಯಲ್ಲಿ ಇರುವುದೇ ಒಬ್ಬ ರೋಗಿ ಎಂದ. ಹಾಗಾದರೆ ನೀವೇ ಕೊಡಿ ಎಂದು ತಟ್ಟೆ ಚಾಚಿದೆ. ಆತ ಅಂಗಡಿಗೆ ಹೊತ್ತಾಯಿತು ಎಂದು ಹೊರಟ. ಮಾತ್ರೆ ಆದ ಮೇಲೇ ಗಂಜಿ ಎಂದಿದ್ದೆ, ಹೊಟ್ಟೆ ಹಸಿದ ಮೇಲೆ ಅತ್ತೆ ಗೋಡೆಯ ಕಡೆ ಮುಖ ಮಾಡಿಕೊಂಡು ಹೆಸರು ಹೇಳಿದರು. ಅವರ ಎಡ ಮುಂಗೈಯಲ್ಲಿ ಹುಡುಗಿಯಾಗಿದ್ದಾಗ ಹುಯ್ಯಿಸಿಕೊಂಡ ಹಚ್ಚೆಯಿತ್ತು, ಅದರಲ್ಲಿ ಅವರದೇ ಹೆಸರು ಹಸಿರಾಗಿ ಕಾಣುತ್ತಿತ್ತು. ಅಲ್ಲಿನ ಆಸ್ಪತ್ರೆಯ ಪಟ್ಟಿಯ ಬದಲು ಆ ಹಚ್ಚೆಯನ್ನೇ ಓದಿ ತಾಳೆ ನೋಡಿದೆ. ಹುಟ್ಟಿದ ದಿನ ಕೇಳಿದೆ.

"ಯಾರ್ ಬರ್ದಿಟ್ಟವ್ರೆ? ರಾಗಿ ಕುಯ್ಲಲ್ಲಿ ಅಂತಿದ್ರು ನಮ್ಮವ್ವ."

ಆಧಾರ್ ಕಾರ್ಡಿನಲ್ಲಿ ನಮ್ಮೂರುಗಳ ಅರ್ಧ ಜನರ ಹಾಗೆ ಜನವರಿ ಒಂದು ಇತ್ತು. ಅದನ್ನು ಕಲಿಸಿಕೊಟ್ಟೆ. ಮಾರನೆಯ ದಿನದಿಂದ ಜನವರಿ ಒಂದು ಎಂದು ಹೇಳುವ ತನಕ ಬಿಡಲಿಲ್ಲ.

ಮೈ ಒರೆಸುವಾಗ ಪ್ರತಿಯೊಂದಕ್ಕೂ ಒಪ್ಪಿಗೆ. ಸೆರಗು ಸರಿಸಬಹುದಾ? ಕತ್ತಿನ ಕರಡಿಗೆ ಆ ಕಡೆ ಇಡಲಾ? ಲಿಂಗದ ಕರಡಿಗೆಯನ್ನು ಮುಟ್ಟುವಾಗ ಇನ್ನೊಮ್ಮೆ ಕೈ ತೊಳೆದುಕೊಂಡೆ, ಅವರು ನೋಡಲಿ ಎಂದೇ. ಬಲಕ್ಕೆ ತಿರುಗಿಸಲಾ? ಪ್ರತಿ ಸಲವೂ ಅವರು "ಊಂ" ಎನ್ನಬೇಕು. ಗಂಜಿಯ ಬಟ್ಟಲು ಹಿಡಿದು ಕೂತಾಗ ನನಗೆ ನಿಜವಾದ ಹಬ್ಬ. ಎರಡೂ ಕೈಗಳನ್ನು ಅವರ ಮುಖದೆದುರು ಹಿಡಿದು ಕೇಳುತ್ತಿದ್ದೆ.

"ಈ ಕೈಯಿಂದ ತಿನ್ನಿಸಬಹುದಾ, ಅತ್ತೆಮ್ಮ?"

ಅವರ ಕಣ್ಣಲ್ಲಿ ನೀರು ಬರುತ್ತಿತ್ತು, ಸಿಟ್ಟಿಗೆ. "ಊಂ" ಎನ್ನುತ್ತಿದ್ದರು. ನಾನು ಚಮಚ ಎತ್ತುತ್ತಿದ್ದೆ. ಗಂಜಿ ಬಿಸಿಯಾಗಿ, ಹದವಾಗಿ ಇರುತ್ತಿತ್ತು, ಗಂಟಲಿಗೆ ಸಿಕ್ಕದಂತೆ ತಲೆ ಎತ್ತರಿಸಿ ಕೊಡುತ್ತಿದ್ದೆ. ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ಕೊರತೆ ಮಾಡಲಿಲ್ಲ. ಸೇಡು ಚೊಕ್ಕವಾಗಿರಬೇಕು, ಇಲ್ಲದಿದ್ದರೆ ಬರೀ ಕೆಟ್ಟತನವಾಗುತ್ತದೆ.

ಹೀಗೇ ಸಾಗಿತು. ಹಾಸಿಗೆ ಹಿಡಿದವರ ಬೆನ್ನಿನಲ್ಲಿ ಹುಣ್ಣಾಗುವುದು ಸಾಮಾನ್ಯ, ಅತ್ತೆಯ ಬೆನ್ನು ಎಳೆಮಗುವಿನ ಬೆನ್ನಿನಂತಿತ್ತು. ನೋಡಲು ಬಂದ ಡಾಕ್ಟರ್ ಮೆಚ್ಚಿದರು. ಅದು ನನಗೆ ಬೇಕಾದದ್ದೇ. ಬೇಡವಾದದ್ದು ಆಮೇಲೆ ಶುರುವಾಯಿತು. ಓಣಿಯ ಹೆಂಗಸರು, ಹನೂರಿನ ನಾದಿನಿ, ಅವಳ ಗಂಡ, ಎಲ್ಲರೂ ಬಂದು ಮಂಚದ ಸುತ್ತ ಕೂತು ಹೊಗಳತೊಡಗಿದರು.

"ಸೊಸೆ ಅಂದ್ರೆ ಇಂಗಿರ್ಬೇಕು ಕಣ್ರವ್ವ. ಎತ್ತ ಮಗಳೂ ಇಂಗ್ ಮಾಡಾಕಿಲ್ಲ."

"ಪುಣ್ಯ ಮಾಡಿದ್ರು ಕಣ್ರೀ ಅತ್ತೆ."

ಅತ್ತೆಯೂ ಸೊಟ್ಟ ಬಾಯಲ್ಲಿ ದೊಡ್ಡಸ್ತಿಕೆಯಿಂದ, "ನನ್ ಸೊಸೆ, ಸೇವೆ ಮಾಡ್ತಾಳೆ" ಎಂದರು. ನನಗೆ ಉರಿದುಹೋಯಿತು. ಇಷ್ಟು ದಿನ ನಾನು ಮಾಡಿದ್ದೆಲ್ಲವನ್ನೂ ಇವರು ಬಾಚಿ ಸೊಸೆತನದ ಡಬ್ಬಕ್ಕೆ ಹಾಕಿಕೊಂಡಿದ್ದರು. ನನ್ನ ಓದು, ನನ್ನ ಕೈ, ನನ್ನ ಸಿಟ್ಟು ಎಲ್ಲವೂ ಅತ್ತೆಯ ಪುಣ್ಯವಾಗಿ ಹೋಗಿತ್ತು. ನಾನು ಎದ್ದು ನಿಂತೆ.

"ಸೇವೆ ಅಲ್ಲ," ಎಂದೆ. "ನಾನು ಪರೀಕ್ಷೆಗೆ ಅಭ್ಯಾಸ ಮಾಡ್ತಾ ಇದೀನಿ. ಅತ್ತೆಮ್ಮನ ಜಾಗದಲ್ಲಿ ಯಾರು ಮಲಗಿದ್ರೂ ಇಷ್ಟೇ ಮಾಡ್ತಿದ್ದೆ. ಪ್ರೀತಿಯಿಂದ ಮಾಡಿಲ್ಲ. ಲೈಸೆನ್ಸಿಗೆ ಮಾಡಿದೀನಿ."

ನಾದಿನಿ ಕಾಫಿ ಲೋಟವನ್ನು ಕೆಳಗಿಟ್ಟಳು. ಅತ್ತೆ ನನ್ನನ್ನೇ ನೋಡುತ್ತಿದ್ದರು. ಅವರ ಮುಖ ನೋಡಿ ನನಗೆ ತೃಪ್ತಿಯಾಯಿತು ಎಂದೇ ಬರೆಯುತ್ತೇನೆ, ಆಯಿತು.

ಆದರೆ ಅತ್ತೆ ನನಗಿಂತ ಹಳೆಯ ಕುಳ. ಮಾರನೆಯ ಬೆಳಗ್ಗೆ ಮಾತ್ರೆ ತಂದು ಹೆಸರು ಕೇಳಿದೆ. ಬಾಯಿ ಬಿಡಲಿಲ್ಲ. ಮೈ ಒರೆಸಲಾ ಎಂದು ಕೇಳಿದೆ.

"ಬ್ಯಾಡ."

ತಿರುಗಿಸಲಾ?

"ಬ್ಯಾಡ ಅಂದೆ. ಕಲ್ಯಕ್ಕೆ ನಾನೇನ್ ಬೊಂಬೆನಾ? ಬೊಂಬೆ ತಕಂಡ್ ಬಂದ್ ಕಲ್ಕೋ, ಓಗು."

ನನ್ನ ನಿಯಮಕ್ಕೆ ನಾನೇ ಸಿಕ್ಕಿಬಿದ್ದೆ. ರೋಗಿಗೆ ಬುದ್ಧಿ ನೆಟ್ಟಗಿದ್ದು ಬೇಡ ಎಂದರೆ ಮುಟ್ಟುವಂತಿಲ್ಲ. ವಿವರಿಸಬಹುದು, ಕಾಯಬಹುದು, ಮತ್ತೆ ಕೇಳಬಹುದು, ಅಷ್ಟೇ. ಕೊಳ್ಳೇಗಾಲದ ವಾರ್ಡಿನಲ್ಲಾಗಿದ್ದರೆ ಗದರಿಸಿ ಬಾಯಿಗೆ ಹಾಕಿ ನೀರು ಹುಯ್ಯುತ್ತಿದ್ದೆವು. ನಾನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಈ ಮಾತ್ರೆ ತಪ್ಪಿದರೆ ಇನ್ನೊಂದು ಸ್ಟ್ರೋಕ್ ಆಗಬಹುದು ಎಂದು ನಿಧಾನವಾಗಿ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡರು. ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ. ಬ್ಯಾಡ. ನಿಮಗೆ ಯಾಕೆ ಬೇಡ, ಹೇಳಿ ಎಂದೆ. ಆ ಮನೆಯಲ್ಲಿ ಆ ಪ್ರಶ್ನೆಯನ್ನು ಯಾರಾದರೂ ಅವರಿಗೆ ಕೇಳಿದ್ದರೋ ಇಲ್ಲವೋ, ಕಣ್ಣು ಬಿಟ್ಟು ನನ್ನನ್ನು ನೋಡಿದರು.

ಅಷ್ಟರಲ್ಲಿ ಹಾಸಿಗೆ ಒದ್ದೆಯಾಯಿತು. ಊಟಕ್ಕೆ ಬಂದ ಗಂಡ ಮೂಗು ಮುಚ್ಚಿಕೊಂಡು, "ಏನ್ ಕೂತ್ಕಂಡ್ ನೋಡ್ತಿದೀಯ?" ಎಂದ. ಅವರು ಒಪ್ಪುತ್ತಿಲ್ಲ ಎಂದೆ. "ಮುದುಕೀರ್ನ ಯಾರಾದ್ರೂ ಕೇಳ್ತಾರಾ" ಎಂದು ತಾನೇ ಮುಂದೆ ಬಂದ. ಎಡಗೈ ಹಿಡಿದು ಚೀಲ ಎಳೆಯುವ ಹಾಗೆ ಎಳೆದ. ಬಿದ್ದುಹೋದ ತೋಳು ಹಾಗೆ ಎಳೆದರೆ ಎಷ್ಟು ನೋಯುತ್ತದೆ ಎಂದು ಅವನಿಗೇನು ಗೊತ್ತು? ಅತ್ತೆ ಕಿರುಚಿದ ಸದ್ದಿಗೆ ಪಕ್ಕದ ಮನೆಯವರು ಬಾಗಿಲಿಗೆ ಬಂದರು.

"ಬಿಡ್ಲಾ! ಬಿಡ್ಲಾ ನನ್ನ! ಮುಟ್ಬ್ಯಾಡ ನೀನು! ನರ್ಸಮ್ಮನ್ನ ಕರಿಯೋ!"

ನಾನು ಅಲ್ಲೇ, ಕೈಯಳತೆಯಲ್ಲಿ ಕೂತಿದ್ದೆ. ಆದರೂ ಕಾದೆ. ಗಂಡ ನನ್ನ ಕಡೆ ತಿರುಗಿ, "ಕರೀತಾವ್ರೆ" ಎಂದ. ಪಕ್ಕದ ಮನೆಯವರ ಎದುರಿಗೆ ಅಂದ. ಎದ್ದೆ, ಕೈ ತೊಳೆದುಕೊಂಡು ಬಂದೆ. ನಾನು ಕೇಳುವ ಮೊದಲೇ ಅತ್ತೆ ಹೆಸರು ಹೇಳಿದರು. ಜನವರಿ ಒಂದು ಎಂದೂ ಹೇಳಿದರು.

ಹೊಸ ಆಸ್ಪತ್ರೆಯ ಕಡೆಯಿಂದ ಮತ್ತೆ ಇಂಗ್ಲೆಂಡಿಗೆ ಹೋದೆ. ಪರೀಕ್ಷೆಯ ಕೋಣೆಯಲ್ಲಿ ಈ ಸಲ ಒಬ್ಬ ಮುದುಕಿ ಇದ್ದಳು. ಹೆಸರು, ದಿನ, ಪಟ್ಟಿ, ಎಲ್ಲವೂ ನೀರು ಕುಡಿದಷ್ಟು ಸಲೀಸಾಗಿ ಬಂದವು. ಮಾತ್ರೆ ಎಂದಾಗ ಅವಳು ಬೇಡ ಎಂದು ತಲೆಯಾಡಿಸಿದಳು. ನಾನು ಕುರ್ಚಿ ಎಳೆದುಕೊಂಡು ಕೂತೆ, ಯಾಕೆ ಬೇಡ ಎಂದು ಕೇಳಿದೆ. ಪರೀಕ್ಷಕಿ ಬರೆದುಕೊಂಡಳು. ಪಾಸಾದೆ. ಇಲ್ಲಿ ಅತ್ತೆಗೆ ಋಣಿಯಾಗಿದ್ದೇನೆ ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ನಾನು ಬರೆಯುವುದಿಲ್ಲ.

ಹೊರಡುವ ಮೊದಲಿನ ವಾರಗಳಲ್ಲಿ ಗಂಡನಿಗೆ ಎಲ್ಲವನ್ನೂ ಕಲಿಸಿ ಬಂದಿದ್ದೆ. ನಿಮ್ಮವ್ವ, ನೀವೇ ನೋಡಬೇಕು ಎಂದಿದ್ದೆ. ಹೇಗೂ ಆಮೇಲೆ ಇಂಗ್ಲೆಂಡಿಗೆ ಹೋಗುತ್ತೇನಲ್ಲ ಎಂಬ ಆಸೆಗೆ ಆತ ಮುಖ ಸಿಂಡರಿಸಿಕೊಂಡಾದರೂ ಕಲಿತ. ಬೆಡ್‌ಪ್ಯಾನ್ ತೊಳೆಯುವುದನ್ನೂ ಕಲಿತ. ಲೈಸೆನ್ಸ್ ಬಂದಿತೆಂದು ತಿಳಿಸಿದ ದಿನ ಹೊಸ ಕೋಟು ಹಾಕಿಕೊಂಡ ಫೋಟೋ ಕಳಿಸಿದ. ಆಮೇಲೆ ದಿನಾ ಫೋನು. ಅವ್ವನ ಕಿರಿಕಿರಿ ತಡೆಯಲಾಗುತ್ತಿಲ್ಲ, ಎಲ್ಲದಕ್ಕೂ ಮೊದಲು ಕೇಳು ಎನ್ನುತ್ತಾರೆ, ಅಂಗಡಿಯನ್ನು ಇನ್ನೊಬ್ಬರ ಕೈಗೆ ಕೊಟ್ಟಿದ್ದೇನೆ, ವೀಸಾಕ್ಕೆ ನನ್ನ ಹೆಸರು ಯಾವಾಗ ಹಾಕುತ್ತೀಯ?

ಕೊನೆಗೊಂದು ಭಾನುವಾರ ವಿಡಿಯೋ ಕಾಲಿನಲ್ಲಿ ತಾನು ಯೋಚಿಸಿದ್ದನ್ನು ಹೇಳಿದ. "ಅವ್ವನ್ನ ಹನೂರ್ಗೆ ಅಕ್ಕನ ಮನೇಲಿ ಬಿಟ್ಬುಡ್ತೀನಿ. ಅಕ್ಕ ಊಂ ಅಂದವ್ಳೆ. ಇನ್ನೇನ್ ತೊಂದ್ರೆ? ನನ್ ಎಸ್ರು ಹಾಕು."

"ಅತ್ತೆಮ್ಮನಿಗೆ ಹೇಳಿದೀರಾ?"

"ಅವ್ರನ್ ಏನ್ ಕೇಳೋದು?"

"ಫೋನ್ ಅವರಿಗೆ ತೋರ್ಸಿ."

ಆತ ಗೊಣಗುತ್ತ ಫೋನನ್ನು ಮಂಚದ ಕಡೆ ತಿರುಗಿಸಿದ. ಅತ್ತೆ ಸ್ವಲ್ಪ ಇಳಿದಿದ್ದರು. ಹಣೆಯ ಮೇಲೆ ವಿಭೂತಿ ನೆಟ್ಟಗಿತ್ತು. ನಾನು ನಮಸ್ಕಾರ ಎಂದೆ. ಮಂಚದ ಪಕ್ಕ ನಿಂತು ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದೆ.

"ಅತ್ತೆಮ್ಮ, ನಿಮ್ಮ ಮಗ ನಿಮ್ಮನ್ನ ಹನೂರಿನಲ್ಲಿ ಬಿಟ್ಟು ಇಲ್ಲಿಗೆ ಬರಬೇಕು ಅಂತಿದಾರೆ. ನಿಮಗೆ ಒಪ್ಪಿಗೆನಾ?"

ಅತ್ತೆ ಫೋನಿನ ಹಿಂದೆ ನಿಂತಿದ್ದ ಮಗನನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನನ್ನ ಮನಸ್ಸಿನಲ್ಲಿ ಏನಿದೆ ಎಂದು ಅವರಿಗೆ ಪೂರ್ತಿ ಗೊತ್ತಿತ್ತು.

"ಬ್ಯಾಡ," ಎಂದರು.

ಗಂಡ ಫೋನನ್ನು ಕಿತ್ತುಕೊಂಡು ಏನೇನೋ ಕೂಗಾಡಿದ. ನಾನು ಸಮವಸ್ತ್ರಕ್ಕೆ ಹೆಸರಿನ ಪಟ್ಟಿ ಚುಚ್ಚಿಕೊಳ್ಳುತ್ತಿದ್ದೆ.

"ಪೇಷೆಂಟ್ ಬೇಡ ಅಂದ್ರೆ ನಾವೇನೂ ಮಾಡೋ ಹಾಗಿಲ್ಲ ಕಣ್ರೀ," ಎಂದು ಹೇಳಿ ಡ್ಯೂಟಿಗೆ ಹೊರಟೆ.